ಯಾರೋ ಬರೆದ ಕಾರ್ಡು

ಅಂಚೆ ಕಾರ್ಡು ಎಂದರೆ ಗುರುತಿದ್ದವರ ನಡುವಿನ ವ್ಯವಹಾರವೆಂಬುದು ಸಾಮಾನ್ಯ ತಿಳಿವಳಿಕೆ. ಬರೆದವರಿಗೆ ಮಾರೋಲೆ ಬರೆಯಬೇಕು, ಬರೆಯದೆ ಉಳಿದರೆ ಮುಂದಿನ ಮದುವೆಮನೆಯಲ್ಲಿ ಎದುರಾದಾಗ ಆಕ್ಷೇಪಣೆಯ ಮಾತು ಕೇಳಬೇಕು ಎಂಬುದು ಅದರ ಅಲಿಖಿತ ಕಟ್ಟಳೆ. ಈ ಕಟ್ಟಳೆಯನ್ನು ತಲೆಕೆಳಗು ಮಾಡಿದ ಹವ್ಯಾಸವೊಂದು ಕಳೆದ ಎರಡು ದಶಕಗಳಲ್ಲಿ ಜಗತ್ತಿನ ಉದ್ದಗಲಕ್ಕೂ ಹರಡಿದೆ. ಇದರಲ್ಲಿ ತೊಡಗಿದವರು ತಾವು ಎಂದೂ ಕಾಣದ, ಹೆಸರನ್ನೂ ಕೇಳಿರದ ವ್ಯಕ್ತಿಗೆ ಚಿತ್ರದ ಕಾರ್ಡೊಂದನ್ನು ಬರೆದು, ಅಂಚೆಚೀಟಿ ಹಚ್ಚಿ, ಡಬ್ಬಿಗೆ ಹಾಕುತ್ತಾರೆ. ಆ ವ್ಯಕ್ತಿ ಅವರಿಗೆ ಮರಳಿ ಬರೆಯುವುದಿಲ್ಲ, ಬರೆಯಬೇಕೆಂಬ ನಿರೀಕ್ಷೆಯೂ ಇಲ್ಲ. ಕೆಲವು ವಾರಗಳ ಬಳಿಕ ಬೇರಾವುದೋ ದೇಶದ, ಅಷ್ಟೇ ಅಪರಿಚಿತರಾದ ಮೂರನೆಯವರ ಕಾರ್ಡು ಅವರ ಮನೆಗೆ ಬರುತ್ತದೆ. ಪೋಸ್ಟ್‌ಕ್ರಾಸಿಂಗ್ ಎಂಬ ಹೆಸರಿನ ಈ ಯೋಜನೆಯ ಮೂಲಕ ಇದುವರೆಗೆ ಏಳು ಕೋಟಿಗೂ ಹೆಚ್ಚು ಕಾರ್ಡುಗಳು ಗುರಿ ಮುಟ್ಟಿವೆ. ಕ್ಷಣಾರ್ಧದಲ್ಲಿ ಸಂದೇಶವನ್ನು ಪುಕ್ಕಟೆಯಾಗಿ ಕಳುಹಿಸಬಹುದಾದ ಕಾಲದಲ್ಲಿ, ದುಡ್ಡು ಕೊಟ್ಟು, ವಾರಗಟ್ಟಲೆ ಕಾದು, ಉತ್ತರವೇ ಬರದ ಪತ್ರವನ್ನು ಬರೆಯುವುದರಲ್ಲಿ ಇಷ್ಟು ಮಂದಿಗೆ ಏನು ಸುಖ ಎಂಬ ಪ್ರಶ್ನೆ ಸಹಜವಾದುದು. ಆ ಸುಖದ ಮೂಲ ಬಹುಮಟ್ಟಿಗೆ ಉತ್ತರ ಬರದಿರುವುದರಲ್ಲಿಯೇ ಇದೆ ಎಂಬುದು ಈ ಲೇಖನದ ವಾದ.

ಪೋಸ್ಟ್‌ಕ್ರಾಸಿಂಗ್ ಆರಂಭವಾದುದು 2005ರ ಜುಲೈ 14ರಂದು, ಪೋರ್ಚುಗಲ್ ದೇಶದಲ್ಲಿ. ಮನೆಗೆ ಕಾರ್ಡು ಬರುವುದೆಂದರೆ ಇಷ್ಟಪಡುತ್ತಿದ್ದ, ಆದರೆ ಬರೆಯುವವರು ಸಿಗದಿದ್ದ ಪಾವ್ಲೊ ಮಗಲ್ಯಾಯಿಸ್ ಎಂಬ ಯುವಕ, ಹಳೆಯದೊಂದು ಕಂಪ್ಯೂಟರನ್ನು ಬಟ್ಟೆಯ ಕಪಾಟಿನೊಳಗಿರಿಸಿ, ಅದರಲ್ಲಿ ಈ ಜಾಲತಾಣವನ್ನು ನಡೆಸತೊಡಗಿದನು. 2008ರ ಏಪ್ರಿಲ್ ವೇಳೆಗೆ ಹತ್ತು ಲಕ್ಷ ಕಾರ್ಡುಗಳು, 2012ರ ಜನವರಿ ವೇಳೆಗೆ ಒಂದು ಕೋಟಿ ಕಾರ್ಡುಗಳು ಕೈ ಸೇರಿದ್ದವು. ಇಂದು ಇನ್ನೂರಕ್ಕೂ ಹೆಚ್ಚು ದೇಶ ಮತ್ತು ಪ್ರದೇಶಗಳಲ್ಲಿ ಇದರ ಸದಸ್ಯರಿದ್ದಾರೆ.

ಇದರ ಕಾರ್ಯವಿಧಾನ ಸರಳವಾಗಿದ್ದರೂ ಹಿಂದಿನ ಲೆಕ್ಕಾಚಾರ ಜಾಣ್ಮೆಯದು. ಸದಸ್ಯರೊಬ್ಬರು ವಿಳಾಸ ಕೇಳಿದಾಗ ಜಾಲತಾಣವು ಮತ್ತೊಬ್ಬ ಸದಸ್ಯರ ಹೆಸರು, ವಿಳಾಸ, ಅವರು ತಮ್ಮ ಬಗ್ಗೆ ಬರೆದುಕೊಂಡಿರುವ ನಾಲ್ಕು ಮಾತು, ಇವುಗಳೊಡನೆ ಒಂದು ಗುರುತುಸಂಖ್ಯೆಯನ್ನು ಕೊಡುತ್ತದೆ. ಈ ಸಂಖ್ಯೆಯ ಮೊದಲಿಗೆ ಕಳುಹಿಸುವವರ ದೇಶವನ್ನು ಸೂಚಿಸುವ ಎರಡು ಅಕ್ಷರಗಳಿದ್ದು, ಭಾರತದಿಂದ ಹೊರಡುವ ಕಾರ್ಡುಗಳಿಗೆ ‘ಐಎನ್’ ಎಂದೂ ಜರ್ಮನಿಯಿಂದ ಹೊರಡುವವಕ್ಕೆ ‘ಡಿಇ’ ಎಂದೂ ಇರುತ್ತದೆ. ಕಳುಹಿಸುವವರು ಈ ಸಂಖ್ಯೆಯನ್ನು ಕಾರ್ಡಿನ ಮೇಲೆ ತಪ್ಪದೆ ಬರೆಯಬೇಕು. ಕಾರ್ಡು ತಲುಪಿದಾಗ ಪಡೆದವರು ಆ ಸಂಖ್ಯೆಯನ್ನು ಜಾಲತಾಣದಲ್ಲಿ ನಮೂದಿಸುತ್ತಾರೆ. ನಮೂದಾದ ಕೂಡಲೇ ಕಳುಹಿಸಿದವರ ವಿಳಾಸವು, ಕಾರ್ಡು ಪಡೆಯಬೇಕಾದವರ ಸರತಿಗೆ ಸೇರಿ, ಮುಂದೆ ವಿಳಾಸ ಕೇಳುವ ಇನ್ನಾರದೋ ಕೈಗೆ ಹೋಗುತ್ತದೆ. ಅಂದರೆ ಕೊಟ್ಟದ್ದು ಮುಟ್ಟಿತೆಂದು ಖಾತರಿಯಾದ ಮೇಲಷ್ಟೇ ಪಡೆಯುವ ಹಕ್ಕು ಹುಟ್ಟುತ್ತದೆ. ಹೊಸಬರಿಗೆ ಏಕಕಾಲದಲ್ಲಿ ಐದು ಕಾರ್ಡುಗಳನ್ನಷ್ಟೇ ದಾರಿಯಲ್ಲಿಡಲು ಅವಕಾಶವಿದ್ದು, ಕಳುಹಿಸಿದವು ತಲುಪಿದಂತೆಲ್ಲ ಈ ಮಿತಿ ಏರುತ್ತದೆ. ಅರುವತ್ತು ದಿನ ಕಳೆದರೂ ತಲುಪದ ಕಾರ್ಡು ‘ಅವಧಿ ಮೀರಿದ್ದು’ ಎನಿಸಿಕೊಂಡು, ಅದರ ಜಾಗದಲ್ಲಿ ಮತ್ತೊಂದನ್ನು ಕಳುಹಿಸಲು ಅನುವಾಗುತ್ತದೆ. ಯಾರೂ ಯಾರನ್ನೂ ನಂಬಬೇಕಾಗಿಲ್ಲದ ಹಾಗೆ ಹೆಣೆದ ಈ ಏರ್ಪಾಟಿನೊಳಗೆ, ಜನರು ಒಬ್ಬರನ್ನೊಬ್ಬರು ನಂಬಿ ಮನೆಯ ವಿಳಾಸ ಕೊಡುತ್ತಾರೆಂಬುದು ಸೋಜಿಗವೇ ಸರಿ.

ಕೊಡು-ಕೊಳ್ಳುವಿಕೆಯ ಈ ಬಗೆಯನ್ನು ಸಮಾಜಶಾಸ್ತ್ರಜ್ಞರು ಪರೋಕ್ಷ ವಿನಿಮಯವೆಂದು ಕರೆಯುತ್ತಾರೆ. ನೇರ ವಿನಿಮಯದಲ್ಲಿ ಪಡೆದವನು ಕೊಟ್ಟವನಿಗೇ ಹಿಂದಿರುಗಿಸಬೇಕು. ಪರೋಕ್ಷ ವಿನಿಮಯದಲ್ಲಿ ಒಬ್ಬನು ಎರಡನೆಯವನಿಗೂ ಎರಡನೆಯವನು ಮೂರನೆಯವನಿಗೂ ಕೊಡುತ್ತ ಹೋಗಿ, ಎಲ್ಲೋ ಸುತ್ತಿ ಬಂದ ಕೊಡುಗೆ ಮೊದಲಿನವನನ್ನು ಸೇರುತ್ತದೆ. ಇವೆರಡರ ಅಂತರವನ್ನು ತಿಳಿಯಲು ಕನ್ನಡ ನಾಡಿನ ಮುಯ್ಯಿಯ ಪದ್ಧತಿಯನ್ನು ನೆನೆದರೆ ಸಾಕು. ಮದುವೆಮನೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅಷ್ಟನ್ನೋ, ಒಂದು ಕೈ ಮೇಲಾಗಿಯೋ ತೀರಿಸುವುದು ರೂಢಿ. ಪ್ರೀತಿಯಿಂದ ಕೊಟ್ಟದ್ದೇ ಆದರೂ ಅದು ಒಂದು ಬಗೆಯ ಸಾಲ, ತೀರಿಸದಿದ್ದರೆ ಸಂಬಂಧ ಹಳಸುತ್ತದೆ. ಫ್ರಾನ್ಸಿನ ಮಾರ್ಸೆಲ್ ಮಾಸ್ ಎಂಬ ವಿದ್ವಾಂಸನು 1925ರಲ್ಲಿ ಪ್ರಕಟಿಸಿದ, ಉಡುಗೊರೆಯನ್ನು ಕುರಿತ ಪ್ರಬಂಧದಲ್ಲಿ ತೋರಿಸಿದ್ದೂ ಇದನ್ನೇ: ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಈ ಮೂರೂ ಕರ್ತವ್ಯಗಳಾಗಿದ್ದು, ಮೇಲ್ನೋಟಕ್ಕೆ ಸ್ವಯಂಪ್ರೇರಿತವೆಂದು ಕಾಣುವ ಉಡುಗೊರೆಯ ಬೆನ್ನಿಗೆ ಸದಾ ಋಣವೊಂದು ಅಂಟಿಕೊಂಡಿರುತ್ತದೆ. ಮಾಸ್ ತನ್ನ ಪ್ರಬಂಧದಲ್ಲಿ ಆಧಾರವಾಗಿಟ್ಟುಕೊಂಡವುಗಳಲ್ಲೊಂದು, ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ 1922ರ ತನ್ನ ಗ್ರಂಥದಲ್ಲಿ ವಿವರಿಸಿದ, ಇಂದಿನ ಪಾಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಂಡ್ ದ್ವೀಪಗಳ ‘ಕೂಲ’ ಎಂಬ ವಿನಿಮಯ. ಅಲ್ಲಿ ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣೆಯಾಗಿಯೂ ಬಿಳಿ ಚಿಪ್ಪಿನ ತೋಳುಬಳೆಗಳು ಅಪ್ರದಕ್ಷಿಣೆಯಾಗಿಯೂ ದೋಣಿಗಳಲ್ಲಿ ಸಂಚರಿಸುತ್ತಿದ್ದವು. ಬಳಕೆಗೆ ಅಷ್ಟೇನೂ ಬಾರದ ಆ ವಸ್ತುಗಳಿಗಾಗಿ ಜನರು ಸಮುದ್ರದ ಅಪಾಯವನ್ನು ಲೆಕ್ಕಿಸದೆ ಯಾನ ಮಾಡುತ್ತಿದ್ದರು. ಬಳಕೆಗೆ ಬಾರದ ವಸ್ತುವೊಂದು ದೇಶದಿಂದ ದೇಶಕ್ಕೆ ಸುತ್ತುವ ಮಟ್ಟಿಗೆ ಕಾರ್ಡುಗಳದ್ದೂ ಅದೇ ರೀತಿಯಾದರೂ, ಕೂಲದಲ್ಲಿ ಕೊಡುವವನೂ ಪಡೆಯುವವನೂ ಬಾಳಿನುದ್ದಕ್ಕೂ ಪರಸ್ಪರ ಬಲ್ಲ ಜೊತೆಗಾರರು.

ಕಾರ್ಡಿನ ವಿನಿಮಯದಲ್ಲಿ ಆ ಜೊತೆಗಾರಿಕೆಯೂ ಇಲ್ಲವಾಗಿ, ಋಣವು ವ್ಯಕ್ತಿಯನ್ನು ಬಿಟ್ಟು ಒಟ್ಟು ಸಮುದಾಯಕ್ಕೆ ವರ್ಗವಾಗುತ್ತದೆ. ಚೆಕ್ ದೇಶದ ವೃದ್ಧೆಯೊಬ್ಬರಿಗೆ ಧಾರವಾಡದ ವಿದ್ಯಾರ್ಥಿನಿ ಬರೆದರೆ, ವೃದ್ಧೆಗೆ ಮಾರೋಲೆಯ ಹೊರೆಯಿಲ್ಲ. ವಿದ್ಯಾರ್ಥಿನಿಗೆ ಅವರ ಮೇಲೆ ಹಕ್ಕಿಲ್ಲ. ಕಾರ್ಡು ಚೆನ್ನಾಗಿದ್ದರೆ ಸಂತೋಷ, ಸಪ್ಪೆಯಾಗಿದ್ದರೆ ಯಾರ ಸಂಬಂಧವೂ ಕೆಡುವುದಿಲ್ಲ. ಹಳೆಯ ಮಾದರಿಯ ಪತ್ರಮೈತ್ರಿ, ಅಂದರೆ ಪತ್ರಿಕೆಗಳಲ್ಲಿ ವಿಳಾಸ ಪ್ರಕಟಿಸಿ ದೂರದವರೊಡನೆ ಗೆಳೆತನ ಬೆಳೆಸುವ ಪರಿಪಾಠ, ಬಹುಪಾಲು ಮುರಿದುಬೀಳುತ್ತಿದ್ದುದು ಈ ಹೊರೆಯಿಂದಲೇ: ಮೊದಲ ಎರಡು ಪತ್ರಗಳ ಉತ್ಸಾಹ ಇಳಿದ ಮೇಲೆ ಮೂರನೆಯದಕ್ಕೆ ಉತ್ತರಿಸುವುದು ಬಾಕಿಯಾಗಿ, ಬಾಕಿಯು ಸಂಕೋಚವಾಗಿ, ಸಂಕೋಚವು ಮೌನದಲ್ಲಿ ಮುಗಿಯುತ್ತಿತ್ತು. ಪೋಸ್ಟ್‌ಕ್ರಾಸಿಂಗ್‌ನಲ್ಲಿ ಪ್ರತಿ ಕಾರ್ಡೂ ಅಂದಂದಿಗೆ ಮುಗಿಯುವ ಪೂರ್ಣ ಪ್ರಕರಣ. ಕೆಲವೊಮ್ಮೆ ಇದರಿಂದಲೇ ದೀರ್ಘ ಸ್ನೇಹ ಹುಟ್ಟುವುದುಂಟು. ನೇರ ವಿನಿಮಯಕ್ಕೆ ಸಿದ್ಧರೆಂದು ತಿಳಿಸಿರುವ ಸದಸ್ಯರೂ ಉಂಟು. ಆದರೆ ಅದು ಯೋಜನೆಯ ಉಪಫಲವೇ ಹೊರತು ಗುರಿಯಲ್ಲ.

ಅಪರಿಚಿತರ ನಡುವಿನ ಈ ಲಘುತ್ವ ಸಾಧ್ಯವಾದುದು ಕಾರ್ಡಿನ ಸ್ವಭಾವದಿಂದ. ಮಡಿಸಿ ಮುಚ್ಚಿದ ಪತ್ರದಿಂದ ಅದು ಆಗುತ್ತಿರಲಿಲ್ಲ. ಮುಚ್ಚಿಗೆಯಿಲ್ಲದ, ಯಾರು ಬೇಕಾದರೂ ಓದಬಹುದಾದ ತೆರೆದ ಕಾರ್ಡಿನ ಕಲ್ಪನೆ 19ನೆಯ ಶತಮಾನದ ಸಭ್ಯ ಯೂರೋಪಿಗೆ ಸುಲಭವಾಗಿ ಒಗ್ಗಲಿಲ್ಲ. ಪ್ರಷ್ಯದ ಅಂಚೆ ಅಧಿಕಾರಿ ಹೈನ್‌ರಿಕ್ ಫಾನ್ ಸ್ಟೀಫನ್ 1865ರಲ್ಲಿ ಇಂತಹ ಕಾರ್ಡನ್ನು ಸೂಚಿಸಿದಾಗ ಅದು ಅಂಗೀಕಾರವಾಗಲಿಲ್ಲ. ನಾಲ್ಕು ವರ್ಷಗಳ ತರುವಾಯ, ಆಸ್ಟ್ರಿಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಎಮಾನುಯೆಲ್ ಹೆರ್ಮನ್, ವಿಯೆನ್ನಾದ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ನಾಲ್ಕೇ ಮಾತಿನ ಸಂದೇಶಕ್ಕೂ ಕಾಗದ, ಲಕೋಟೆ, ಪೂರ್ಣ ದರದ ಅಂಚೆಚೀಟಿ, ಜೊತೆಗೆ ಶಿಷ್ಟಾಚಾರದ ಒಕ್ಕಣೆ ಇವೆಲ್ಲ ಬೇಕಾಗಿರುವುದು ದುಂದುವೆಚ್ಚವೆಂದು ವಾದಿಸಿದನು; ಇಪ್ಪತ್ತು ಪದಗಳ ಮಿತಿಯನ್ನೂ ಆತ ಸೂಚಿಸಿದ್ದನು. ಮಿತಿ ಬಿದ್ದುಹೋಯಿತು, ಕಾರ್ಡು ಉಳಿಯಿತು: 1869ರ ಅಕ್ಟೋಬರ್ 1ರಂದು ಆಸ್ಟ್ರಿಯ-ಹಂಗೆರಿಯಲ್ಲಿ ಎರಡು ಕ್ರಾಯ್ಟ್ಸರ್ ಬೆಲೆಗೆ ಜಗತ್ತಿನ ಮೊದಲ ಅಧಿಕೃತ ಅಂಚೆ ಕಾರ್ಡು ಮಾರಾಟಕ್ಕೆ ಬಂದು, ಮೂರು ತಿಂಗಳಲ್ಲಿ ಸುಮಾರು ಮೂವತ್ತು ಲಕ್ಷದಷ್ಟು ಖರ್ಚಾಯಿತು. ಅಕ್ಟೋಬರ್ 1ನ್ನು ವಿಶ್ವ ಅಂಚೆ ಕಾರ್ಡು ದಿನವೆಂದು 2020ರಿಂದ ಆಚರಿಸುತ್ತಿರುವುದು ಈ ನೆನಪಿಗಾಗಿ. ಇದಕ್ಕೂ ಮೊದಲು, 1840ರಲ್ಲಿ, ಲಂಡನ್ನಿನ ಹಾಸ್ಯಲೇಖಕ ಥಿಯೊಡೋರ್ ಹುಕ್‌ಗೆ ಬಂದಿದ್ದ, ಕೈಯಲ್ಲಿ ಬಿಡಿಸಿದ ಚಿತ್ರವಿರುವ ಕಾರ್ಡೊಂದು ಸಿಕ್ಕಿದೆ. ದೊಡ್ಡ ಮಸಿಕುಡಿಕೆಯ ಸುತ್ತ ಕುಳಿತ ಅಂಚೆ ಗುಮಾಸ್ತರನ್ನು ಅಣಕಿಸುವ ಅದನ್ನು ಆತನೇ ತನಗೆ ಕಳುಹಿಸಿಕೊಂಡಿರಬೇಕೆಂದು ತಜ್ಞರ ಊಹೆ. ತನಗೆ ತಾನೇ ಬರೆದುಕೊಂಡಾದರೂ ಅಂಚೆಯವನಿಂದ ಕಾರ್ಡು ಪಡೆಯುವ ಆಸೆ ಅಷ್ಟು ಹಳೆಯದು.

ದೇಶಗಳ ಗಡಿ ದಾಟಿ ಕಾರ್ಡು ಸಾಗಲು ಮತ್ತೊಂದು ವ್ಯವಸ್ಥೆಯೂ ಬೇಕಾಗಿತ್ತು. 1874ಕ್ಕೆ ಮುಂಚೆ ಒಂದು ದೇಶದ ಟಪಾಲು ಮತ್ತೊಂದು ದೇಶಕ್ಕೆ ಹೋಗಬೇಕಾದರೆ ಆ ಎರಡು ದೇಶಗಳ ನಡುವೆ ಪ್ರತ್ಯೇಕ ಒಪ್ಪಂದವಿರಬೇಕಾಗಿತ್ತು. ನಡುವೆ ಬರುವ ದೇಶಗಳೂ ತಮ್ಮ ತಮ್ಮ ಸುಂಕ ಹೇರುತ್ತಿದ್ದವು. ಆ ವರ್ಷದ ಅಕ್ಟೋಬರ್ 9ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸಹಿ ಹಾಕಿದ ಒಪ್ಪಂದವು, ಪತ್ರಗಳ ಮಟ್ಟಿಗೆ ಸದಸ್ಯ ದೇಶಗಳೆಲ್ಲ ಒಂದೇ ಅಂಚೆ ಪ್ರದೇಶವೆಂಬ ತತ್ತ್ವವನ್ನು ಸ್ಥಾಪಿಸಿತು. ಇದರಿಂದ ಹುಟ್ಟಿದ ಸಂಸ್ಥೆಯೇ ವಿಶ್ವ ಅಂಚೆ ಒಕ್ಕೂಟ; ಭಾರತ ಇದನ್ನು ಸೇರಿದ್ದು 1876ರಲ್ಲಿ. ಶಿರಸಿಯಲ್ಲಿ ಹಚ್ಚಿದ ಭಾರತದ ಅಂಚೆಚೀಟಿಯನ್ನು ಮಾನ್ಯ ಮಾಡಿ ಬ್ರೆಜಿಲ್‌ನ ಅಂಚೆಯವನು ಅಲ್ಲಿನ ಯಾವುದೋ ಬೀದಿಯಲ್ಲಿ ಕಾರ್ಡು ಬಟವಾಡೆ ಮಾಡುವುದು ಈ ಒಪ್ಪಂದದ ಬಲದಿಂದ. ರಾಷ್ಟ್ರಗಳ ಮಧ್ಯೆ ಆದ ಒಪ್ಪಂದಗಳಲ್ಲಿ ಇಷ್ಟು ಸದ್ದಿಲ್ಲದೆ ಇಷ್ಟು ಕಾಲ ಕೆಲಸ ಮಾಡಿದ್ದು ಬೇರೆ ಹೆಚ್ಚೇನೂ ಇರಲಾರದು.

ಭಾರತದಲ್ಲಿ ಕಾರ್ಡು ಬಂದುದು 1879ರ ಜುಲೈಯಲ್ಲಿ, ಕಾಲಾಣೆ ಬೆಲೆಗೆ. ಆ ಬಳಿಕ ನೂರು ವರ್ಷಕ್ಕೂ ಮಿಕ್ಕಿ ಅದು ಬಡವರ ಮತ್ತು ಮಿತವ್ಯಯಿಗಳ ಪತ್ರವಾಗಿ ಬಾಳಿತು. ಕನ್ನಡದ ಮನೆಗಳಿಗೆ ಬರುತ್ತಿದ್ದ ಕಾರ್ಡುಗಳಿಗೆ ತಮ್ಮದೇ ವ್ಯಾಕರಣವಿತ್ತು: ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಒಕ್ಕಣೆ, ಅದೂ ಜಾಗ ಉಳಿಸಲು ‘ಉ॥ ಕು॥ ಸಾಂ॥’ ಎಂದು ಸಂಕ್ಷೇಪಿಸಿದ್ದು, ಶುಭಸಮಾಚಾರವಾದರೆ ಮೂಲೆಗಳಿಗೆ ಅರಿಸಿನ, ಸಾವಿನ ಸುದ್ದಿಯಾದರೆ ಓದಿದವರು ಮನೆಯೊಳಗಿಡದೆ ಅಲ್ಲಿಯೇ ಹರಿದುಬಿಡುವ ಪದ್ಧತಿ, ಬರೆಯುತ್ತ ಬರೆಯುತ್ತ ಜಾಗ ಸಾಲದಾದಾಗ ಅಂಚಿನುದ್ದಕ್ಕೂ ಅಡ್ಡಡ್ಡ ಹರಿದ ಸಾಲುಗಳು. ಸಂಪಾದಕರು ಕತೆ ಸ್ವೀಕೃತವಾದುದನ್ನು ತಿಳಿಸುತ್ತಿದ್ದುದೂ, ಕೇಳುಗರು ಆಕಾಶವಾಣಿಗೆ ಮೆಚ್ಚಿನ ಚಿತ್ರಗೀತೆಯ ಕೋರಿಕೆ ಸಲ್ಲಿಸುತ್ತಿದ್ದುದೂ ಕಾರ್ಡಿನಲ್ಲಿಯೇ. ಅವೆಲ್ಲವೂ ಕೆಲಸದ ಕಾರ್ಡುಗಳು; ಅಗತ್ಯವಿದ್ದುದರಿಂದ ಬರೆದವು. ದೂರವಾಣಿಯೂ ಆಮೇಲೆ ಮೊಬೈಲೂ ಆ ಅಗತ್ಯವನ್ನು ಕಸಿದುಕೊಂಡಾಗ ಕಾರ್ಡಿನ ಆಯುಸ್ಸು ಮುಗಿಯಿತೆಂದೇ ಎಲ್ಲರೂ ಎಣಿಸಿದ್ದರು. ಅಗತ್ಯ ಕಳೆದುಹೋದದ್ದೇ ಅದಕ್ಕೆ ಹೊಸ ಬಾಳು ಕೊಟ್ಟಿತೆಂಬುದು ವಿಚಿತ್ರವಾದರೂ ನಿಜ. ಏನನ್ನೂ ತಿಳಿಸಲೇಬೇಕಾಗಿಲ್ಲದ ಕಾರ್ಡು, ಬರೆಯುವವರ ಆ ಹೊತ್ತಿನ ಮನಸ್ಸನ್ನು ಹೊತ್ತು ಸಾಗಲು ಬಿಡುವಾಯಿತು.

ಚಿತ್ರದ ಕಾರ್ಡುಗಳದ್ದು ಬೇರೆಯೇ ಕವಲು. 20ನೆಯ ಶತಮಾನದ ಮೊದಲ ದಶಕದಲ್ಲಿ, ಕಾರ್ಡಿನ ಹಿಂಬದಿಯನ್ನು ಎರಡು ಭಾಗ ಮಾಡಿ ಎಡಕ್ಕೆ ಸಂದೇಶ, ಬಲಕ್ಕೆ ವಿಳಾಸ ಬರೆಯಲು 1902ರಲ್ಲಿ ಬ್ರಿಟನ್, 1907ರಲ್ಲಿ ಅಮೆರಿಕ ಹೀಗೆ ಒಂದೊಂದೇ ದೇಶ ಅನುಮತಿ ಕೊಟ್ಟಮೇಲೆ, ಮುಂಬದಿ ಪೂರ್ತಿ ಚಿತ್ರಕ್ಕೆ ದಕ್ಕಿತು. ಅದಕ್ಕೆ ಮುಂಚೆ ಒಂದು ಬದಿ ಬರಿಯ ವಿಳಾಸಕ್ಕೆ ಮೀಸಲಾಗಿದ್ದುದರಿಂದ, ಬರೆಯುವವರು ಚಿತ್ರದ ಸುತ್ತಲಿನ ಖಾಲಿ ಜಾಗದಲ್ಲೇ ಮಾತು ತುರುಕಬೇಕಾಗಿತ್ತು. ಬೆಂಗಳೂರಿನ ದಂಡುಪ್ರದೇಶದ ಬೀದಿ, ಚರ್ಚು, ಉದ್ಯಾನಗಳ ಕಾರ್ಡುಗಳನ್ನು ಹಿಗ್ಗಿನ್‌ಬಾಥಮ್ಸ್‌ನಂತಹ ಪ್ರಕಾಶಕರು ಆ ಕಾಲದಲ್ಲಿ ಮುದ್ರಿಸಿ ಮಾರುತ್ತಿದ್ದರು. ಇಂತಹವನ್ನು ಕಲೆಹಾಕಿ 2018ರಲ್ಲಿ ಲಂಡನ್ನಿನಲ್ಲಿ ಮದರಾಸು ಮತ್ತು ಬೆಂಗಳೂರಿನ ಹಳೆಯ ಚಿತ್ರಕಾರ್ಡುಗಳ ಪ್ರದರ್ಶನವೂ ನಡೆದಿದೆ.

ಇಂದು ಕರ್ನಾಟಕದ ಒಂದು ಊರಿಗೆ ಫಿನ್ಲೆಂಡಿನಿಂದ ಬರುವ ಕಾರ್ಡು ಹೇಗಿರುತ್ತದೆಂಬುದನ್ನು ಹತ್ತಿರದಿಂದ ನೋಡಬಹುದು. ಅಳತೆ ಸಾಮಾನ್ಯವಾಗಿ 105 ಮಿಲಿಮೀಟರಿಗೆ 148 ಮಿಲಿಮೀಟರು, ಅಂದರೆ ನಮ್ಮ ಹಳದಿ ಕಾರ್ಡಿಗಿಂತ ತುಸು ದೊಡ್ಡದು. ಮುಂಬದಿಯಲ್ಲಿ ಸರೋವರವಿರಬಹುದು, ಹಿಮ ಹೊತ್ತ ಮರಗಳಿರಬಹುದು, ಇಲ್ಲವೇ ತೂವೆ ಯಾನ್ಸನ್ ಸೃಷ್ಟಿಸಿದ, ಫಿನ್ಲೆಂಡಿನ ಕಾರ್ಡುಗಳಲ್ಲಿ ಮತ್ತೆ ಮತ್ತೆ ಎದುರಾಗುವ ದುಂಡುಮೂಗಿನ ಮೂಮಿನ್ ಪಾತ್ರಗಳಿರಬಹುದು. ಹಿಂಬದಿಯ ಬಲ ಮೇಲ್ಮೂಲೆಯಲ್ಲಿ ಅಂಚೆಚೀಟಿ. ಎಷ್ಟೋ ಸಲ ಅದರ ಮೇಲೆ ಬೆಲೆಯನ್ನೇ ನಮೂದಿಸಿರುವುದಿಲ್ಲ, ಏಕೆಂದರೆ ಆ ದೇಶದಲ್ಲಿ ದರ ಏರಿದರೂ ಹಳೆಯ ಚೀಟಿ ಊರ್ಜಿತದಲ್ಲಿರುವಂತಹ ಕ್ರಮವಿದೆ. ಎಡಗಡೆ, ಇಕ್ಕಟ್ಟಾದ ಜಾಗದಲ್ಲಿ, ದುಂಡಗಿನ ಅಕ್ಷರಗಳಲ್ಲಿ ಇಂಗ್ಲಿಷಿನ ಏಳೆಂಟು ಸಾಲು: ದಿನಾಂಕ, ಆ ದಿನದ ಉಷ್ಣಾಂಶ, ಕಾಡಿನಲ್ಲಿ ಅಣಬೆಯನ್ನೋ ನೀಲಿ ಹಣ್ಣನ್ನೋ ಆಯ್ದು ತಂದ ವಿಷಯ, ಸಾಕಿದ ಬೆಕ್ಕಿನ ಹೆಸರು, ಓದುತ್ತಿರುವ ಪುಸ್ತಕ. ಮೂಲೆಯಲ್ಲಿ ಗುರುತುಸಂಖ್ಯೆ, ಮಳೆಗೆ ಶಾಯಿ ಅಳಿಸಿದರೂ ಉಳಿಯಲೆಂದು ಜಾಗ್ರತೆಯುಳ್ಳವರು ಅದನ್ನು ಎರಡು ಕಡೆ ಬರೆದಿರುತ್ತಾರೆ. ಕೆಳ ಅಂಚಿನ ಬೆರಳಗಲದ ಜಾಗವನ್ನು ಅನುಭವಸ್ಥರು ಖಾಲಿ ಬಿಡುತ್ತಾರೆ, ಏಕೆಂದರೆ ವಿಂಗಡಣೆಯ ಯಂತ್ರ ತನ್ನ ಗೀಟುಗಳ ಸಂಕೇತವನ್ನು ಅಚ್ಚೊತ್ತುವುದು ಅಲ್ಲಿ. ಇಷ್ಟೆಲ್ಲ ಎಚ್ಚರ ವಹಿಸಿ ಬರೆದ ಕಾರ್ಡಿನ ಅತ್ಯಂತ ಮುಖ್ಯವಾದ ಸಾಲಿನ ಮೇಲೆಯೇ ನಮ್ಮ ಬಟವಾಡೆ ಕಚೇರಿಯ ಮೊಹರು ಧೊಪ್ಪನೆ ಬಿದ್ದಿರುವುದೂ ಅಪರೂಪವಲ್ಲ. ಆದರೆ ಸಂಗ್ರಾಹಕರು ಅದನ್ನು ಲೋಪವೆಂದೆಣಿಸದೆ, ಕಾರ್ಡು ಪಯಣಿಸಿದ್ದಕ್ಕೆ ಸಾಕ್ಷಿಯೆಂದೇ ಗೌರವಿಸುತ್ತಾರೆ.

ಬರೆದಿರುವ ವಿಷಯದಲ್ಲಿ ಸುದ್ದಿಯ ಮಹತ್ವ ಯಾವುದೂ ಇಲ್ಲವೆಂಬುದನ್ನು ಗಮನಿಸಬೇಕು. ಉಷ್ಣಾಂಶ, ಅಣಬೆ, ಬೆಕ್ಕು ಇವನ್ನು ಪರಿಚಿತರಿಗೆ ಬರೆದರೆ ‘ಬರೆಯಲು ಬೇರೇನೂ ಇರಲಿಲ್ಲವೇ’ ಎನ್ನಿಸೀತು. ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರು ದೂರದ ಅಪರಿಚಿತರಿಗೆ ಅವೇ ಹೊಸ ಸಂಗತಿಗಳು. ಬರೆಯುವವರ ಕಡೆಯಿಂದ ನೋಡಿದರೂ ಲಾಭ ಅಷ್ಟೇ ಇದೆ. ಬೆಳಗಿನ ತಿಂಡಿಗೆ ಅಕ್ಕಿರೊಟ್ಟಿ ಮಾಡಿದ್ದನ್ನು ವಿವರಿಸಲು ಹೊರಟವರು, ಅಕ್ಕಿಹಿಟ್ಟನ್ನು ಎಂದೂ ಕಾಣದವರಿಗೆ ಅರ್ಥವಾಗುವಂತೆ ನಾಲ್ಕು ಸಾಲಿನಲ್ಲಿ ಹೇಳಬೇಕಾದಾಗ, ನಿತ್ಯವೂ ಕಾಣುವ ತಮ್ಮ ಅಡುಗೆಮನೆಯನ್ನು ಹೊರಗಿನವರ ಕಣ್ಣಿನಿಂದ ನೋಡಲೇಬೇಕಾಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಜಿಮ್ಮೆಲ್ 1908ರಲ್ಲಿ ಬರೆದ, ಅಪರಿಚಿತನನ್ನು ಕುರಿತ ಪುಟ್ಟ ಅಧ್ಯಾಯದಲ್ಲಿ ಮತ್ತೊಂದು ಅಂಶವನ್ನು ಎತ್ತಿ ತೋರಿಸಿದ್ದಾನೆ: ಹತ್ತಿರದವರಿಂದ ಜೋಪಾನವಾಗಿ ಬಚ್ಚಿಟ್ಟ ವಿಷಯವನ್ನು ಜನರು ಹೊರಗಿನಿಂದ ಬಂದವನ ಮುಂದೆ ತೋಡಿಕೊಳ್ಳುತ್ತಾರೆ. ರೈಲಿನಲ್ಲಿ ಪಕ್ಕದ ಸೀಟಿನವರೊಡನೆ ಮನೆಯ ಕಷ್ಟಸುಖ ಬಿಚ್ಚಿಡುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾರ್ಡುಗಳಲ್ಲಿಯೂ ಹವಾಮಾನದ ನಡುವೆ ಥಟ್ಟನೆ ಒಂದು ಸಾಲು, ತೀರಿಹೋದ ತಂದೆಯ ಬಗ್ಗೆಯೋ ನಾಳೆಯ ಶಸ್ತ್ರಚಿಕಿತ್ಸೆಯ ಬಗ್ಗೆಯೋ ಬಂದುಬಿಡುತ್ತದೆ. ಈ ಒಲವನ್ನೇ ತುದಿಗೆ ಒಯ್ದ ಪ್ರಯೋಗವೊಂದು ಅಮೆರಿಕದಲ್ಲಿ ನಡೆದಿದೆ: 2004ರಲ್ಲಿ ಫ್ರ್ಯಾಂಕ್ ವಾರನ್ ಎಂಬಾತ ಸ್ವವಿಳಾಸದ ಮೂರು ಸಾವಿರ ಖಾಲಿ ಕಾರ್ಡುಗಳನ್ನು ಹಂಚಿ, ಯಾರಿಗೂ ಹೇಳದ ಗುಟ್ಟೊಂದನ್ನು ಹೆಸರು ಹಾಕದೆ ಬರೆದು ಕಳುಹಿಸುವಂತೆ ಕೋರಿದಾಗ, ಹಂಚಿದ ಕಾರ್ಡು ಮುಗಿದ ಮೇಲೂ ಜನರು ತಾವೇ ಕಾರ್ಡು ಮಾಡಿ ಕಳುಹಿಸುತ್ತಲೇ ಹೋದರು.

ಹವ್ಯಾಸಿ ರೇಡಿಯೊ ನಡೆಸುವವರು ಆಕಾಶಮಾರ್ಗದಲ್ಲಿ ಒಬ್ಬರಿಗೊಬ್ಬರು ಸಿಕ್ಕ ಬಳಿಕ, ಆ ಸಂಪರ್ಕ ನಿಜವಾಗಿಯೂ ಆಯಿತೆಂದು ದೃಢಪಡಿಸಿ ಕಳುಹಿಸುವ ಕ್ಯೂಎಸ್‌ಎಲ್ ಕಾರ್ಡುಗಳೂ ಈ ಹವ್ಯಾಸದ ದಾಯಾದಿಗಳೇ. ಧ್ವನಿ ಮಿಂಚಿನ ವೇಗದಲ್ಲಿ ತಲುಪಿದ್ದರೂ, ಅದಕ್ಕೆ ಸಾಕ್ಷಿಯಾಗಿ ಕೈಯಲ್ಲಿ ಹಿಡಿಯಬಹುದಾದ ಕಾಗದ ಬೇಕೆಂಬ ಹಂಬಲ ಯಂತ್ರಪ್ರಿಯರನ್ನೂ ಬಿಟ್ಟಿಲ್ಲ.

ಕಾಯುವಿಕೆಯ ಪಾಲೂ ಇಲ್ಲಿ ದೊಡ್ಡದು. ಡಬ್ಬಿಗೆ ಬಿದ್ದ ಕಾರ್ಡು ಚೀಲ ಸೇರಿ, ಆರ್‌ಎಂಎಸ್ ಎನ್ನಲಾಗುವ ರೈಲ್ವೆ ಟಪಾಲು ಸೇವೆಯ ವಿಂಗಡಣೆ ಕಚೇರಿ ದಾಟಿ, ಮುಂಬಯಿ, ದೆಹಲಿಯಂತಹ ನಗರಗಳಲ್ಲಿರುವ ವಿನಿಮಯ ಕಚೇರಿಗೆ, ಅಂದರೆ ಹೊರದೇಶಗಳ ಟಪಾಲನ್ನು ಕೊಡು-ಕೊಳ್ಳುವ ಕೇಂದ್ರಕ್ಕೆ ಹೋಗಿ, ವಿಮಾನ ಹತ್ತಿ, ಆ ಕಡೆಯ ದೇಶದಲ್ಲಿ ಇವೇ ಹಂತಗಳನ್ನು ಹಿಂದುಮುಂದಾಗಿ ದಾಟಬೇಕು. ಎರಡು ಮೂರು ವಾರವಾದರೆ ಬೇಗ ತಲುಪಿತೆನ್ನಬೇಕು. ತಿಂಗಳುಗಳು ಹಿಡಿದರೂ ದೂರುವಂತಿಲ್ಲ. ಈ ಅವಧಿಯಲ್ಲಿ ಕಾರ್ಡು ಎಲ್ಲಿದೆಯೆಂದು ತಿಳಿಯುವ ಉಪಾಯವಿಲ್ಲ. ಊಟದ ಪೊಟ್ಟಣ ಯಾವ ತಿರುವಿನಲ್ಲಿದೆಯೆಂದು ಮೊಬೈಲಿನಲ್ಲಿ ನೋಡುತ್ತ ಕೂರುವ ಪೀಳಿಗೆಗೆ, ಎಲ್ಲಿದೆಯೆಂದು ಗೊತ್ತಾಗದ ವಸ್ತುವೊಂದು ಬಂದೇ ಬರುತ್ತದೆಂದು ನಂಬಿಕೊಂಡಿರುವುದು ಹೊಸ ಅನುಭವ. ಯಾರಿಂದ, ಎಲ್ಲಿಂದ ಎಂಬುದೂ ಗೊತ್ತಿಲ್ಲದ ಕಾರಣ, ಇಂಥದ್ದೇ ಬೇಕೆಂದು ಬಯಸಿ ನಿರಾಶೆಗೊಳ್ಳುವ ಪ್ರಮೇಯವೂ ಕಡಿಮೆ.

ಆದರೆ ‘ಜಗತ್ತಿನೊಡನೆ ವಿನಿಮಯ’ ಎಂಬ ಮಾತನ್ನು ಎಚ್ಚರದಿಂದ ಒಪ್ಪಬೇಕು. ಕಾರ್ಡುಗಳು ಹೆಚ್ಚಾಗಿ ಬರುವುದು ಜರ್ಮನಿ, ಅಮೆರಿಕ, ನೆದರ್ಲೆಂಡ್ಸ್, ಫಿನ್ಲೆಂಡ್, ರಷ್ಯಾ, ಚೀನಾ, ತೈವಾನ್ ಮೊದಲಾದ ಕಡೆಗಳಿಂದ. ಆಫ್ರಿಕ ಖಂಡದ ಬಹುತೇಕ ದೇಶಗಳಿಂದ ಒಂದು ಕಾರ್ಡು ಬಂದರೆ ಅದು ಹಬ್ಬ. ಅಂಚೆ ದರ, ಬಿಡುವು, ಅಂತರಜಾಲ, ಇಂಗ್ಲಿಷಿನ ಅಲ್ಪಸ್ವಲ್ಪ ಪರಿಚಯ ಇವೆಲ್ಲ ಇದ್ದವರಿಗಷ್ಟೇ ಈ ಸಂತೋಷ ಎಟಕುತ್ತದೆ. ಕರ್ನಾಟಕದಲ್ಲಿ ಮತ್ತೊಂದು ತೊಡಕು, ಚಿತ್ರದ ಕಾರ್ಡುಗಳೇ ಸಿಗದಿರುವುದು. ಪ್ರವಾಸಿ ಸ್ಥಳಗಳ ಅಂಗಡಿಗಳಲ್ಲಿ ಬಣ್ಣ ಮಾಸಿದ ಹಳೆಯ ಕಟ್ಟುಗಳನ್ನು ಬಿಟ್ಟರೆ ಬೇರೆ ಆಯ್ಕೆ ಅಪರೂಪವಾದುದರಿಂದ, ಉತ್ಸಾಹಿಗಳು ತಾವೇ ತೆಗೆದ ಛಾಯಾಚಿತ್ರಗಳನ್ನು ದಪ್ಪ ಕಾಗದದ ಮೇಲೆ ಅಚ್ಚು ಹಾಕಿಸುತ್ತಾರೆ, ಇಲ್ಲವೇ ಕೈಯಿಂದಲೇ ಬಿಡಿಸುತ್ತಾರೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ರೇಖೆಗಳು ಅಂಗೈಯಗಲದ ಕಾರ್ಡಿಗೂ ಚೆನ್ನಾಗಿ ಹೊಂದುತ್ತವೆ. ಅಂಗಡಿಯಲ್ಲಿ ಕೊಂಡ ತಾಜ್‌ಮಹಲಿಗಿಂತ ಇಂತಹ ಕಾರ್ಡಿಗೆ ಬೆಲೆ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ. ಶ್ರವಣಬೆಳಗೊಳ, ವಿಜಯಪುರದಂತಹ ಊರುಗಳ ಅಂಚೆ ಕಚೇರಿಗಳಲ್ಲಿ ಸ್ಥಳದ ಚಿತ್ರವನ್ನೊಳಗೊಂಡ ಶಾಶ್ವತ ಚಿತ್ರಮೊಹರು ಇದ್ದು, ಕೇಳಿದರೆ ಹಾಕಿಕೊಡುತ್ತಾರೆ. ಕಾರ್ಡಿನ ಚಿತ್ರ, ಅಂಚೆಚೀಟಿಯ ಚಿತ್ರ, ಮೊಹರು ಮೂರೂ ಒಂದೇ ವಿಷಯದವಾಗಿದ್ದು, ಚೀಟಿಯನ್ನು ಚಿತ್ರದ ಬದಿಯಲ್ಲಿಯೇ ಹಚ್ಚಿದ್ದರೆ ಅದಕ್ಕೆ ಸಂಗ್ರಾಹಕರ ಭಾಷೆಯಲ್ಲಿ ಮ್ಯಾಕ್ಸಿಮಮ್ ಕಾರ್ಡು ಎಂದು ಹೆಸರು.

ಅಂಚೆಯ ಹಾದಿ ನಿರಾತಂಕವಾದುದೆಂಬ ಭ್ರಮೆ ಇತ್ತೀಚಿನ ವರ್ಷಗಳಲ್ಲಿ ಕಳಚಿದೆ. ಹೊರದೇಶಗಳ ಟಪಾಲು ಬಹುಮಟ್ಟಿಗೆ ಪ್ರಯಾಣಿಕರ ವಿಮಾನಗಳ ಹೊಟ್ಟೆಯಲ್ಲಿ ಸಾಗುತ್ತದೆಂಬುದು ಜನಸಾಮಾನ್ಯರಿಗೆ ತಿಳಿದದ್ದು, 2020ರಲ್ಲಿ ಕೊರೊನಾದಿಂದ ವಿಮಾನಗಳು ನಿಂತು, 1874ರ ಏಕ ಅಂಚೆ ಪ್ರದೇಶ ತುಂಡು ತುಂಡಾದಾಗ. 2022ರಲ್ಲಿ ಯುದ್ಧ ಆರಂಭವಾದ ಮೇಲೆ ಉಕ್ರೇನ್ ದೇಶವು ರಷ್ಯಾದೊಡನೆ ಅಂಚೆ ವಿನಿಮಯ ನಿಲ್ಲಿಸಿತು. ಫಿನ್ಲೆಂಡ್ ಸಹ ತನ್ನ ನೆರೆಯ ರಷ್ಯಾಕ್ಕೆ ಟಪಾಲು ಕಳುಹಿಸುವುದನ್ನು ಸ್ಥಗಿತಗೊಳಿಸಿತು. ಅಲ್ಲಿಯವರೆಗೆ ಬೆಕ್ಕು-ಅಣಬೆಗಳ ಸುದ್ದಿ ಬರೆದುಕೊಳ್ಳುತ್ತಿದ್ದ ಎರಡು ಕಡೆಯ ಹವ್ಯಾಸಿಗಳ ಹೆಸರುಗಳು ಒಬ್ಬರಿಗೊಬ್ಬರ ಪಾಲಿಗೆ ಬರುವುದು ನಿಂತುಹೋಯಿತು. ಡೆನ್ಮಾರ್ಕಿನಲ್ಲಿ ಬೇರೆ ಬಗೆಯ ಬಿಕ್ಕಟ್ಟು: 1624ರಷ್ಟು ಹಿಂದಿನಿಂದ ನಡೆದುಬಂದ ಅಲ್ಲಿನ ಸರ್ಕಾರಿ ಅಂಚೆ ಪತ್ರ ಬಟವಾಡೆಯನ್ನು 2025ರ ಕೊನೆಗೆ ಕೈಬಿಟ್ಟು, ಕೆಂಪು ಡಬ್ಬಿಗಳನ್ನು ಕೀಳಿಸಿತು, ಪತ್ರಗಳ ಹೊಣೆ ಖಾಸಗಿ ಸಂಸ್ಥೆಯೊಂದರ ಪಾಲಾಗಿದೆ.

ಈ ಹಿನ್ನೆಲೆಯಲ್ಲಿ, ಒಂದು ಲಕ್ಷ ಅರುವತ್ತು ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿದ್ದು ಅವುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಹಳ್ಳಿಗಳಲ್ಲೇ ಇರುವ ಭಾರತದಲ್ಲಿ ಹವ್ಯಾಸಿಯಾಗುವುದು ಅದೃಷ್ಟವೆಂದೇ ಹೇಳಬೇಕು. ಹೊಸದಾಗಿ ತೊಡಗುವವರು ತಿಳಿಯಬೇಕಾದ ವ್ಯಾವಹಾರಿಕ ಸಂಗತಿಗಳು ಹೆಚ್ಚಿಲ್ಲ. ಐವತ್ತು ಪೈಸೆಯ ದೇಶೀಯ ಕಾರ್ಡನ್ನು ಹಾಗೆಯೇ ಹೊರದೇಶಕ್ಕೆ ಹಾಕಿದರೆ ನಡೆಯದು. ವಿದೇಶದ ದರವನ್ನು ಅಂಚೆ ಕಚೇರಿಯಲ್ಲಿ ಕೇಳಿ ಅಷ್ಟರ ಚೀಟಿ ಹಚ್ಚಬೇಕು. ತಲುಪಬೇಕಾದ ದೇಶದ ಹೆಸರನ್ನು ವಿಳಾಸದ ಕೊನೆಯ ಸಾಲಿನಲ್ಲಿ ಇಂಗ್ಲಿಷಿನಲ್ಲಿ ದಪ್ಪಕ್ಷರಗಳಲ್ಲಿ ಬರೆಯಬೇಕು, ಏಕೆಂದರೆ ಇಲ್ಲಿನ ವಿಂಗಡಣೆಗಾರರು ಓದಬೇಕಾದದ್ದು ಅದೊಂದನ್ನೇ. ಉಳಿದುದನ್ನು ಆ ದೇಶದ ಲಿಪಿಯಲ್ಲಿಯೇ ಬರೆದರೂ ಅಡ್ಡಿಯಿಲ್ಲ. ಇದೇ ನಿಯಮ ಮರುದಿಕ್ಕಿನಲ್ಲಿಯೂ ಅನ್ವಯಿಸುವುದರಿಂದ, ಕರ್ನಾಟಕದ ಸದಸ್ಯರು ತಮ್ಮ ವಿಳಾಸವನ್ನು ಕನ್ನಡದಲ್ಲಿ ಕೊಡಲು ಅಡ್ಡಿಯಿಲ್ಲ. ಕಳುಹಿಸುವವರಲ್ಲಿ ಕೆಲವರು ಅದನ್ನು ಅಚ್ಚು ತೆಗೆದು ಅಂಟಿಸುತ್ತಾರೆ, ಉತ್ಸಾಹಿಗಳು ಒತ್ತು, ಸುಳಿ, ಕೊಂಬುಗಳನ್ನು ನೋಡಿ ನೋಡಿ ಚಿತ್ರ ಬಿಡಿಸುವಂತೆ ಬರೆಯುತ್ತಾರೆ. ಅಕ್ಷರ ಸೊಟ್ಟಗಾಗಿ ‘ಘ’ ಹೋಗಿ ‘ಫ’ ಆದರೂ ಹೆದರಬೇಕಾಗಿಲ್ಲ. ಇಂಡಿಯಾ ಎಂಬ ಇಂಗ್ಲಿಷಿನ ಪದ ಅದನ್ನು ವಿನಿಮಯ ಕಚೇರಿಯವರೆಗೆ ತರುತ್ತದೆ, 1972ರಿಂದ ಜಾರಿಯಲ್ಲಿರುವ ಆರಂಕಿಯ ಪಿನ್ ಸಂಖ್ಯೆ ಬಟವಾಡೆ ಕಚೇರಿಯವರೆಗೆ ಒಯ್ಯುತ್ತದೆ, ಅಲ್ಲಿಂದ ಮುಂದಿನದು ಆ ಬೀದಿಯ ಅಂಚೆಯಣ್ಣನಿಗೆ ಬಿಟ್ಟದ್ದು.